ವಾರಸುದಾರರಿಲ್ಲದ ಬೋಲ್ಟು

ಭಾನುವಾರ ಬೆಳಿಗ್ಗೆ ಏಳೂವರೆಗೆ ಹಲ್ಲಿನ ಡಾಕ್ಟರ ಹೆಂಡತಿ ಬಟ್ಟೆ ಒಗೆಯುವ ಮಷೀನಿನಿಂದ ಗಂಡನ ಪ್ಯಾಂಟನ್ನು ಹೊರಗೆಳೆದರು. ಠಣ್ ಎಂದು ಏನೋ ನೆಲಕ್ಕೆ ಬಿತ್ತು. ಬಗ್ಗಿ ನೋಡಿದರೆ ಕಿರುಬೆರಳುದ್ದದ ಒಂದು ಬೋಲ್ಟು.

ಬೇರೆ ಯಾವ ಮನೆಯಲ್ಲಾದರೂ ಆ ಬೋಲ್ಟು ಕಿಟಕಿಯ ಮೂಲೆಯಲ್ಲಿ ಸುಖವಾಗಿ ತುಕ್ಕು ಹಿಡಿಯುತ್ತಿತ್ತು. ಆದರೆ ಆ ಪ್ಯಾಂಟು ಸಾಮಾನ್ಯದ್ದಲ್ಲ. ಡಾಕ್ಟರು ಪ್ರತಿ ಭಾನುವಾರ ತಮ್ಮ ಸ್ವಂತ ವಿಮಾನ ಹಾರಿಸಲು ಹೋಗುವಾಗ ಹಾಕಿಕೊಳ್ಳುವ, ಆರು ಜೇಬಿನ, ಎಷ್ಟು ಒಗೆದರೂ ಎಣ್ಣೆಯ ವಾಸನೆ ಬಿಡದ ಪ್ಯಾಂಟು.

"ರೀ, ಇದೇನ್ರೀ?"

ಡಾಕ್ಟರು ಬಾಯಿ ತುಂಬ ನೊರೆ ಇಟ್ಟುಕೊಂಡೇ ಬಚ್ಚಲಿನಿಂದ ಇಣುಕಿದರು. "ಬೋಲ್ಟು."

"ಅದು ನಂಗೂ ಕಾಣುತ್ತೆ. ಎಲ್ಲೀದು?"

'ಗೊತ್ತಿಲ್ಲ' ಎಂದು ಹೇಳಿ ಬಾಯಿ ಮುಕ್ಕಳಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಇಪ್ಪತ್ತು ವರ್ಷದಿಂದ ಕುರ್ಚಿಯಲ್ಲಿ ನಡುಗುತ್ತ ಕುಳಿತವರಿಗೆ 'ಏನೂ ಆಗಲ್ಲ, ಏನೂ ಆಗಲ್ಲ' ಎಂದು ಹೇಳಿ ಹೇಳಿ ಅವರ ನಾಲಿಗೆ ಪಳಗಿಬಿಟ್ಟಿತ್ತು.

"ಏನೂ ಆಗಲ್ಲ ಬಿಡು. ಎಕ್ಸ್‌ಟ್ರಾ ಇದ್ದಿದ್ದು ಜೇಬಲ್ಲಿ ಉಳಿದಿರ್ಬೇಕು."

"ವಿಮಾನದಲ್ಲಿ ಎಕ್ಸ್‌ಟ್ರಾ ಬೋಲ್ಟಾ?" ಎಂದರು ಹೆಂಡತಿ.

ಬೇರೆ ಯಾವ ಭಾನುವಾರವಾದರೂ ಡಾಕ್ಟರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇವತ್ತು ಮಾತ್ರ ಬಚ್ಚಲಿನಿಂದ ಹೊರಗೆ ಬಂದು ಬೋಲ್ಟನ್ನು ಬಗ್ಗಿ ನೋಡಿದರು. ಯಾಕೆಂದರೆ, ಆರು ವರ್ಷ ಗೋಗರೆದ ಮೇಲೆ, ಇವತ್ತು ಹೆಂಡತಿ ವಿಮಾನ ಹತ್ತಲು ಒಪ್ಪಿದ್ದರು.

ಅದು ಎರಡು ಸೀಟಿನ ಪುಟ್ಟ ವಿಮಾನ. ಬಿಳಿ ಮೈ, ನೀಲಿ ಬಾಲ, ಮುಂದೊಂದು ಪ್ರೊಪೆಲ್ಲರು. ಎರಡು ಸೀಟಿನದನ್ನೇ ಹುಡುಕಿ ಕೊಂಡದ್ದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಬೇಕೆಂದು. ಆದರೆ ಆರು ವರ್ಷದಿಂದ ಆ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕುಳಿತಿದ್ದದ್ದು ಒಂದು ನೀರಿನ ಕ್ಯಾನು. ಹೆಂಡತಿ ಮೈದಾನದವರೆಗೆ ಬರುತ್ತಿದ್ದರು. ಷೆಡ್ಡಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ, ಚೀಲ, ಗಂಡನ ಪರ್ಸು ಎಲ್ಲ ಮಡಿಲಲ್ಲಿಟ್ಟುಕೊಂಡು ಕೂತು, ಗಂಡ ಒಂದು ಸುತ್ತು ಬರುವಾಗ ಕೈ ಬೀಸಿ, ಮನೆಗೆ ಮರಳುತ್ತಿದ್ದರು. "ಮೇಲಿಂದ ನಮ್ಮ ಮನೆ ಹೇಗೆ ಕಾಣುತ್ತೆ ಗೊತ್ತಾ? ಬೆಂಕಿಪೊಟ್ಟಣದ ಹಾಗೆ! ನಮ್ಮ ತಾರಸಿ, ಬಟ್ಟೆ ಒಣಹಾಕೋ ಹಗ್ಗ, ಎಲ್ಲಾ ಕಾಣುತ್ತೆ!" ಎಂದು ಡಾಕ್ಟರು ಪ್ರತಿ ವಾರ ಹೇಳುತ್ತಿದ್ದರು. ಅದನ್ನು ಹೆಂಡತಿಗೆ ತಾವೇ ತೋರಿಸಬೇಕೆಂಬುದು ಅವರ ದೊಡ್ಡ ಆಸೆ. ಬಲಗಡೆಯ ಸೀಟನ್ನು ಅವರು ನಿನ್ನೆ ಸಂಜೆಯೇ ಒರೆಸಿ, ಕ್ಯಾನನ್ನು ಕೆಳಗಿಳಿಸಿ ಬಂದಿದ್ದರು.

ಹೆಂಡತಿ ಬೋಲ್ಟನ್ನು ಹಿಡಿದುಕೊಂಡು ನೇರ ಪಕ್ಕದ ಮನೆಗೆ ನಡೆದರು. ಅಲ್ಲಿದ್ದವರು ನಲವತ್ತು ವರ್ಷ ಲೇತ್ ಮಷೀನು ತಿರುಗಿಸಿ ಈಗ ಸುಮ್ಮನಿರಲಾರದೆ ಬೀದಿಯ ಗೇಟುಗಳಿಗೆಲ್ಲ ಎಣ್ಣೆ ಬಿಡುತ್ತಿದ್ದ ಯಜಮಾನರು. ಬೀದಿಗೆಲ್ಲ ಅವರು 'ಲೇತ್ ಮಾಮ'. ಕನ್ನಡಕವನ್ನು ಹಣೆಗೇರಿಸಿ, ಬೋಲ್ಟನ್ನು ಮೂಗಿನ ತುದಿಗೆ ಹಿಡಿದು ನೋಡಿದರು.

"ಇದು ಬಾಗಿಲು ಕಿಟಕೀದಲ್ಲಮ್ಮ. ಮಂಚ ಮೇಜಿಂದೂ ಅಲ್ಲ. ಜೋರಾಗಿ ತಿರುಗೋ ಮೋಟಾರಿಂದು. ನಡುಗೋ ಜಾಗದಲ್ಲಿ ಹಾಕ್ತಾರೆ. ಇದು ಬಿದ್ದೋದ್ರೆ ಮೊದ್ಲು ಸ್ವಲ್ಪ ಅಲ್ಲಾಡುತ್ತೆ, ಆಮೇಲೆ ಜಾಸ್ತಿ ಅಲ್ಲಾಡುತ್ತೆ, ಆಮೇಲೆ..." ಎಂದು ಎರಡೂ ಕೈ ಬಿಚ್ಚಿ ತೋರಿಸಿದರು.

"ಆಮೇಲೆ?"

"ಆಮೇಲೆ ಏನಿರುತ್ತೆ? ಮುಗೀತು."

ಬೇಲಿಯ ಈಚೆ ನಿಂತ ಡಾಕ್ಟರು, "ನಮ್ಮ ವಿಮಾನ ಹೋದ ವಾರ ತಾನೇ ಹಾರಿ ಇಳಿದಿದೆ ಮಾಮ!" ಎಂದರು.

"ನಾನೂ ಅದನ್ನೇ ಹೇಳ್ತಿರೋದು ಡಾಕ್ಟ್ರೇ. ಪುಣ್ಯ ದೊಡ್ಡದು ನಿಮ್ದು" ಎಂದ ಮಾಮ, ಯಾರೂ ಕರೆಯದಿದ್ದರೂ ಚಪ್ಪಲಿ ಮೆಟ್ಟಿಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು.

ಊರಾಚೆಯ ಹುಲ್ಲಿನ ಮೈದಾನದಲ್ಲಿ ಐದು ತಗಡಿನ ಷೆಡ್ಡು, ಐದು ವಿಮಾನ, ಒಬ್ಬನೇ ಮೆಕ್ಯಾನಿಕ್ಕು. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಮಾತು ಕಡಿಮೆ, ಬರವಣಿಗೆ ಜಾಸ್ತಿ. ಒಂದು ಸ್ಕ್ರೂ ಬಿಗಿದರೂ ದಪ್ಪ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಬೇಕು. ಬಿಗಿದ ಪ್ರತಿ ಬೋಲ್ಟಿನ ತಲೆಯ ಮೇಲೂ ಸಣ್ಣ ಕುಂಚದಿಂದ ಒಂದು ಕೆಂಪು ಗೆರೆ ಎಳೆಯಬೇಕು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಓರೆಯಾಗಿ ಗುಟ್ಟು ರಟ್ಟಾಗುತ್ತದೆ. ಡಾಕ್ಟರಿಗೂ ಕೈ ತುರಿಕೆ ಇತ್ತು. ಮನೆಯಲ್ಲಿ ಫ್ಯಾನು, ಮಿಕ್ಸರು, ಒಗೆಯುವ ಮಷೀನು, ಕರೆಗಂಟೆ ಏನು ಕೆಟ್ಟರೂ 'ವಿಮಾನ ಇಟ್ಟೋನಿಗೆ ಇದ್ಯಾವ ಲೆಕ್ಕ' ಎಂದು ತಾವೇ ಬಿಚ್ಚಿ ಕೂರುತ್ತಿದ್ದರು. ಆದರೆ ಮೈದಾನದಲ್ಲಿ ಮೇಸ್ತ್ರಿ ಅವರಿಗೆ ಎಣ್ಣೆ ಬದಲಿಸುವುದು, ಚಕ್ರಕ್ಕೆ ಗಾಳಿ ಹಾಕುವುದು ಬಿಟ್ಟು ಇನ್ನೇನನ್ನೂ ಮುಟ್ಟಗೊಡುತ್ತಿರಲಿಲ್ಲ.

"ಮೇಸ್ತ್ರಿ, ಈ ಬೋಲ್ಟು ನಮ್ಮದಲ್ಲ ತಾನೇ?" ಎಂದರು ಡಾಕ್ಟರು, ಕಣ್ಣಿನಲ್ಲೇ ಕೈ ಮುಗಿಯುತ್ತ.

ಮೇಸ್ತ್ರಿ ಅದನ್ನು ತಿರುಗಿಸಿ ನೋಡಿದ. "ಕೆಂಪು ಗೆರೆ ಇಲ್ಲ ಸಾರ್. ನಮ್ಮದು ಅನ್ಸಲ್ಲ."

ಡಾಕ್ಟರಿಗೆ ಹೋದ ಜೀವ ಬಂತು. "ನೋಡಿದ್ಯಾ! ಕೆಂಪು ಗೆರೆ ಇಲ್ಲ!"

"ಹೇಗಿರುತ್ತೆ?" ಎಂದರು ಲೇತ್ ಮಾಮ ಹಿಂದಿನಿಂದ. "ಒಂದು ಗಂಟೆ ಸೋಪಿನ ನೀರಲ್ಲಿ ಹಾಕಿ ಒಗೆದಿದ್ದಾರಲ್ಲಪ್ಪ!"

ಮೇಸ್ತ್ರಿ ತಲೆ ಕೆರೆದುಕೊಂಡ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಒಗೆದ ಬೋಲ್ಟನ್ನು ಅವನು ನೋಡಿರಲಿಲ್ಲ. ಸುಮ್ಮನೆ ರಿಜಿಸ್ಟರು ತೆಗೆದು ಬರೆದ: 'ವಾರಸುದಾರರಿಲ್ಲದ ಬೋಲ್ಟು, ಒಂದು. ಎಲ್ಲಿಯದೆಂದು ತಿಳಿಯುವವರೆಗೆ ವಿಮಾನ ಹಾರಕೂಡದು.' ಕೆಳಗೆ ಸಹಿ ಹಾಕಿದ.

"ಅಲ್ಲ ಮೇಸ್ತ್ರಿ, ಇವತ್ತು ಇವಳು..."

"ರೂಲು ಸಾರ್. ಕಾಣೋ ಬೋಲ್ಟೆಲ್ಲ ಈಗ್ಲೇ ಎಣಿಸ್ತೀನಿ. ಕಾಣದೇ ಇರೋದಕ್ಕೆ ಬಿಚ್ಬೇಕು."

ಕಾಣುವ ಬೋಲ್ಟುಗಳೆಲ್ಲ ಗೆರೆಸಮೇತ ಸರಿಯಾಗಿ ಇದ್ದವು. ಹಾಗಾಗಿ ಬಿಚ್ಚುವುದು ಶುರುವಾಯಿತು. ಮೊದಲು ಎಂಜಿನಿನ ಮುಚ್ಚಳ. ಆಮೇಲೆ ಪ್ರೊಪೆಲ್ಲರು. ಪಕ್ಕದ ಷೆಡ್ಡಿನಲ್ಲಿ ತಮ್ಮ ವಿಮಾನ ಒರೆಸುತ್ತಿದ್ದ ಜವಳಿ ಅಂಗಡಿಯವರು ಬಂದು, "ನಂಗೇನೋ ಬಾಲದ ಮೇಲೆ ಅನುಮಾನ" ಎಂದರು. ಬಾಲವನ್ನೂ ಬಿಚ್ಚಿದ್ದಾಯಿತು. "ಅನುಮಾನ ಬಂದ್ಮೇಲೆ ರೆಕ್ಕೆ ಯಾಕೆ ಬಿಡ್ತೀರಿ?" ಎಂದರು ಲೇತ್ ಮಾಮ. ಮಧ್ಯಾಹ್ನ ಒಂದರ ಹೊತ್ತಿಗೆ ಎರಡು ರೆಕ್ಕೆಗಳೂ ಹುಲ್ಲಿನ ಮೇಲೆ ಮಲಗಿದ್ದವು. ರೆಕ್ಕೆ, ಬಾಲ ಇಲ್ಲದ ವಿಮಾನ ಸ್ನಾನಕ್ಕೆ ಕೂತ ಮಗುವಿನ ಹಾಗೆ ಷೆಡ್ಡಿನ ಮಧ್ಯೆ ಕೂತಿತ್ತು. ಆ ಬೋಲ್ಟು ಮಾತ್ರ ಯಾವ ತೂತಿಗೂ ಕೂರಲೊಲ್ಲದು. ಕೆಲವಕ್ಕೆ ದಪ್ಪ, ಕೆಲವಕ್ಕೆ ಗಿಡ್ಡ.

ಡಾಕ್ಟರ ಹೆಂಡತಿ ತಮ್ಮ ಮಾಮೂಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಮೇಸ್ತ್ರಿ ಬಿಚ್ಚಿದ ಒಂದೊಂದು ಬೋಲ್ಟನ್ನೂ ಒರೆಸಿ, ನಂಬರು ಬರೆದ ಡಬ್ಬಿಯಲ್ಲಿ ಹಾಕಿ, ರಿಜಿಸ್ಟರಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದುದನ್ನು ಅವರು ಕಣ್ಣು ಮಿಟುಕಿಸದೆ ನೋಡಿದರು. ಗಂಡ ಸಹಾಯಕ್ಕೆಂದು ಹೋಗಿ ಎಣ್ಣೆಯ ಡಬ್ಬಿಯನ್ನು, ಬೆಳಿಗ್ಗೆ ಒದ್ದೆಯಲ್ಲೇ ಹಾಕಿಕೊಂಡು ಬಂದಿದ್ದ ಆ ಆರು ಜೇಬಿನ ಪ್ಯಾಂಟಿನ ಮೇಲೆ ಬೋರಲು ಹಾಕಿಕೊಂಡದ್ದನ್ನೂ ನೋಡಿದರು.

"ಇಷ್ಟೆಲ್ಲ ಬಿಚ್ಚಿದ್ದೀರಲ್ಲ, ವಾಪಸ್ ಸರಿಯಾಗಿ ಜೋಡಿಸ್ತೀರ ಅಂತ ಏನು ಗ್ಯಾರಂಟಿ?" ಎಂದು ಕೇಳಿದರು.

"ಜೋಡಿಸಿದೋನೇ ಮೊದ್ಲು ಹಾರ್ಬೇಕು ಅಂತ ಇಲ್ಲಿ ರೂಲಮ್ಮ" ಎಂದ ಮೇಸ್ತ್ರಿ. "ಅದಕ್ಕೇ ನಾನೂ ಲೈಸೆನ್ಸ್ ಮಾಡಿಸ್ಕೊಂಡೆ. ನನ್ಗೂ ಮನೇಲಿ ಹೆಂಡ್ತಿ ಕಾಯ್ತಿರ್ತಾಳೆ, ಸರಿಯಾಗೇ ಬಿಗೀತೀನಿ."

ಅದು ಅವನು ಇಡೀ ದಿನದಲ್ಲಿ ಆಡಿದ ಅತಿ ಉದ್ದದ ಮಾತು. ಹೆಂಡತಿ ತಲೆದೂಗಿದರು.

ಮೂರು ಗಂಟೆಗೆ ಡಾಕ್ಟರ ಸಹನೆಯ ಕಟ್ಟೆಯೊಡೆಯಿತು. "ಈಗ ನೆನಪಾಯ್ತು! ಅದು ಕಾರಿಂದು! ಮೊನ್ನೆ ನಾನೇ ಬಾನೆಟ್ ತೆಗೆದಿದ್ದೆ, ಆವಾಗ ಜೇಬಿಗೆ ಹಾಕ್ಕೊಂಡಿರ್ಬೇಕು!" ಎಂದು ಕೂಗಿದರು. ಅದು ಹಸಿ ಸುಳ್ಳು.

ಎಲ್ಲರೂ ಕಾರಿನ ಕಡೆ ತಿರುಗಿದರು. ಆಮೇಲೆ ಲೇತ್ ಮಾಮ ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ, ಅದ್ರಲ್ಲೇ ಅಲ್ವಾ ನಾವು ಬಂದಿದ್ದು?" ಎಂದರು.

ಐದು ನಿಮಿಷದಲ್ಲಿ ಕಾರಿನ ಬಾನೆಟ್ಟೂ ಮೇಲೆದ್ದಿತು. ಅಲ್ಲೂ ಬೋಲ್ಟು ಕೂರಲಿಲ್ಲ. ಆದರೆ ಹೆಂಡತಿ ಅಷ್ಟರಲ್ಲಿ ಚೀಲ ಹೆಗಲಿಗೇರಿಸಿದ್ದರು. "ನಾನಂತೂ ಬಸ್ಸಲ್ಲಿ ಹೋಗ್ತೀನಿ. ಕೇಳಿಸ್ಕೊಳ್ಳಿ ರೀ, ಆ ಬೋಲ್ಟು ವಿಮಾನದ್ದಲ್ಲ ಅಂತ ಗೊತ್ತಾಗ್ಲಿ, ನಾನು ವಿಮಾನ ಹತ್ತೇ ಹತ್ತುತೀನಿ. ಮಾತು ಅಂದ್ರೆ ಮಾತು. ಅಲ್ಲೀವರೆಗೂ ಆ ವಿಷಯ ಎತ್ಬೇಡಿ."

ಮೂವರೂ ಬಸ್ಸಿನಲ್ಲೇ ಬಂದರು. ಡಾಕ್ಟರ ಪ್ಯಾಂಟಿನ ಎಣ್ಣೆಗೆ ಹೆದರಿ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಜೇಬಿನಲ್ಲಿದ್ದ ಬೋಲ್ಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಅವರು ದಾರಿಯುದ್ದಕ್ಕೂ ಕಿಟಕಿಯಾಚೆ ನೋಡಿದರು. ಅವರಿಗೆ ನಿಜಕ್ಕೂ ಅಳು ಬರುವ ಹಾಗಾಗಿತ್ತು. ಆರು ವರ್ಷ ಕಾದ ಭಾನುವಾರ ಕೈಜಾರಿ ಹೋಗಿತ್ತು.

ಮನೆಗೆ ಬಂದು ಪ್ಯಾಂಟು ಬಿಚ್ಚಿಕೊಟ್ಟರು. ಹೆಂಡತಿ ಈ ಸಲ ಆರೂ ಜೇಬುಗಳನ್ನು ತಡಕಿ, ಬೋಲ್ಟನ್ನು ಮೇಜಿನ ಮೇಲಿಟ್ಟು, ಪ್ಯಾಂಟನ್ನು ಮಷೀನಿಗೆ ಹಾಕಿ ಗುಂಡಿ ಒತ್ತಿದರು.

ಹತ್ತು ನಿಮಿಷ ಎಲ್ಲ ಸರಿಯಾಗಿತ್ತು. ಮಷೀನು ಬಟ್ಟೆ ಹಿಂಡಲು ಜೋರಾಗಿ ತಿರುಗತೊಡಗಿದಾಗ ಮೊದಲು ಸ್ವಲ್ಪ ಅಲ್ಲಾಡಿತು. ಆಮೇಲೆ ಜಾಸ್ತಿ ಅಲ್ಲಾಡಿತು. ಆಮೇಲೆ ಮೈಮೇಲೆ ಬಂದ ಹಾಗೆ ಧಡಧಡ ಕುಣಿಯುತ್ತ ಬಚ್ಚಲಿನಿಂದ ಹೊರಟು, ನೀರಿನ ಪೈಪು ಕಿತ್ತುಕೊಂಡು, ಊಟದ ಮೇಜಿನವರೆಗೆ ಬಂದು, ಗೋಡೆಗೆ ಗುದ್ದಿ, ದೊಡ್ಡ ಸದ್ದಿನೊಂದಿಗೆ ಬೋರಲು ಬಿತ್ತು. ಹಿಂದಿನ ತಗಡು ಕಳಚಿ ಹಾರಿತು. ಸದ್ದು ಕೇಳಿ ಲೇತ್ ಮಾಮ ಓಡಿ ಬಂದರು.

ಮೊಣಕಾಲು ಮುಳುಗುವ ನೊರೆಯಲ್ಲಿ ಕೂತು ಡಾಕ್ಟರು ಒಳಗೆ ಇಣುಕಿದರು. ಮೋಟಾರು ಮೂರು ಬೋಲ್ಟಿನ ಮೇಲೆ ಜೋತಾಡುತ್ತಿತ್ತು. ನಾಲ್ಕನೆಯ ತೂತು ಖಾಲಿ. ಮೇಜಿನ ಮೇಲಿದ್ದ ಬೋಲ್ಟನ್ನು ತಂದು ಇಟ್ಟು ತಿರುಗಿಸಿದರು. ತವರಿಗೆ ಬಂದ ಮಗಳ ಹಾಗೆ ಅದು ನಿರಾಳವಾಗಿ ಒಳಗೆ ಹೋಗಿ ಕೂತಿತು.

"ಕೂತ್ಕೊಳ್ತು! ನೋಡೇ, ಕೂತ್ಕೊಳ್ತು! ಜೇಬಿಂದ ಬಿದ್ದಿದ್ದಲ್ಲ, ಮಷೀನಿಂದಲೇ ಬಿದ್ದಿದ್ದು! ವಿಮಾನದ್ದಲ್ಲ!" ಎಂದು ಡಾಕ್ಟರು ಚಡ್ಡಿಯಲ್ಲೇ ನೊರೆಯ ಮಧ್ಯೆ ಕುಣಿದರು.

"ನಾನು ಬೆಳಿಗ್ಗೇನೇ ಹೇಳ್ಲಿಲ್ವಾ, ಜೋರಾಗಿ ತಿರುಗೋ ಮೋಟಾರಿಂದು ಅಂತ" ಎಂದರು ಲೇತ್ ಮಾಮ.

ಹೆಂಡತಿ ಆ ಬೋಲ್ಟನ್ನೇ ನೋಡುತ್ತ ನಿಂತಿದ್ದರು. "ರೀ, ಹೋದ ತಿಂಗಳು ಈ ಮಷೀನು ಬಿಚ್ಚಿ ಜೋಡಿಸಿದ್ದು ಯಾರು?" ಎಂದು ಮೆಲ್ಲಗೆ ಕೇಳಿದರು.

ಡಾಕ್ಟರ ಕುಣಿತ ನಿಂತಿತು.

"ಇವ್ರೇ ಅಲ್ವೇನಮ್ಮ!" ಎಂದರು ಲೇತ್ ಮಾಮ. "ರಿಪೇರಿಯವನು ಯಾಕೆ, ವಿಮಾನ ಇಟ್ಟೋನಿಗೆ ಇದ್ಯಾವ ಲೆಕ್ಕ ಅಂತ ನಂಗೇ ಹೇಳಿದ್ರು."

ಡಾಕ್ಟರು ಬಚ್ಚಲಿಗೆ ಹೋಗಿ ಹರಿಯುತ್ತಿದ್ದ ನಲ್ಲಿಯನ್ನು ನಿಲ್ಲಿಸಿ ಬಂದರು. ಕೊನೆಗೆ ಹೆಂಡತಿ, "ಇರ್ಲಿ. ಕೊಟ್ಟ ಮಾತು ತಪ್ಪೋಳಲ್ಲ ನಾನು. ವಿಮಾನದಲ್ಲಿ ತಪ್ಪಿಲ್ಲ ಅಂತ ಗೊತ್ತಾಯ್ತಲ್ಲ, ಮುಂದಿನ ಭಾನುವಾರ ಹತ್ತುತೀನಿ" ಎಂದರು.

ಡಾಕ್ಟರ ಮುಖ ಅರಳಿತು. "ನಿಜವಾಗ್ಲೂ?"

"ನಿಜವಾಗ್ಲೂ. ಮೇಸ್ತ್ರಿ ಕರ್ಕೊಂಡು ಹೋಗ್ಲಿ. ಒಂದೊಂದು ಬೋಲ್ಟೂ ಬರೆದಿಟ್ಕೊಳ್ಳೋ ಮನುಷ್ಯ."

"ಮತ್ತೆ ನಾನು?"

"ಇರೋದು ಎರಡೇ ಸೀಟಲ್ವೇನ್ರೀ?"

ಮೇಸ್ತ್ರಿ ವಾರವಿಡೀ ಕೂತು ವಿಮಾನ ಜೋಡಿಸಿದ. ಶನಿವಾರ ತಾನೊಬ್ಬನೇ ಒಂದು ಸುತ್ತು ಹಾರಿ ಬಂದು ಸಹಿ ಹಾಕಿದ. ಭಾನುವಾರ ಬೆಳಿಗ್ಗೆ ಡಾಕ್ಟರಿಗೆ ಮೈದಾನಕ್ಕೆ ಹೋಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುವ ಭಾಗ್ಯವೂ ಇರಲಿಲ್ಲ. ಒಗೆಯುವ ಮಷೀನು ನಿಜವಾದ ರಿಪೇರಿಯವನ ಅಂಗಡಿ ಸೇರಿತ್ತು. ವಾರದ ಬಟ್ಟೆಯೆಲ್ಲ ಬಕೆಟ್ಟಿನಲ್ಲಿತ್ತು. ಅವರು ಕೈಯಲ್ಲೇ ಒಗೆದು, ಹಿಂಡಿ, ತಾರಸಿಗೆ ಹೊತ್ತು ತಂದು ಹಗ್ಗಕ್ಕೆ ಹಾಕುತ್ತಿದ್ದಾಗ ಆಕಾಶದಲ್ಲಿ ಪರಿಚಯದ ಸದ್ದು ಕೇಳಿಸಿತು. ತಲೆಯೆತ್ತಿದರು. ಬಿಳಿ ಮೈ, ನೀಲಿ ಬಾಲ. ಬಲಗಡೆಯ ಕಿಟಕಿಯಲ್ಲಿ ಒಂದು ಕೈ ಬೀಸುತ್ತಿತ್ತು. ಡಾಕ್ಟರು ಕೈಯಲ್ಲಿದ್ದ ಒದ್ದೆ ಪ್ಯಾಂಟನ್ನೇ ಎತ್ತಿ ತಿರುಗಿ ಬೀಸಿದರು.

ಮಧ್ಯಾಹ್ನ ಮನೆಗೆ ಬಂದ ಹೆಂಡತಿಯ ಮುಖ ಹೊಳೆಯುತ್ತಿತ್ತು. "ನೀವು ಹೇಳಿದ್ದು ನಿಜಾರೀ. ನಮ್ಮನೆ ಬೆಂಕಿಪೊಟ್ಟಣದ ಹಾಗೇ ಕಾಣುತ್ತೆ! ಇನ್ಮೇಲೆ ಪ್ರತಿ ಭಾನುವಾರ ಹೋಗ್ತೀನಿ, ಮೇಸ್ತ್ರಿಗೂ ಹೇಳಿ ಬಂದಿದೀನಿ" ಎನ್ನುತ್ತ ತಾರಸಿಯ ಮೆಟ್ಟಿಲು ಹತ್ತತೊಡಗಿದರು.

"ಎಲ್ಲಿಗೆ?" ಎಂದರು ಡಾಕ್ಟರು.

"ಹಳದಿ ದುಪ್ಪಟಿ ಸೊಟ್ಟಗೆ ಹಾಕಿದೀರಿ. ಮೇಲಿಂದ ಎಲ್ಲಾ ಕಾಣುತ್ತೆ."