ಮ್ಯಾನ್‌ಹೋಲಿನಿಂದ ಬಂದ ಕರೆ

ನೆಲದೊಳಗಿನ ವಿಷಗಾಳಿಯ ಸುದ್ದಿಯನ್ನು ಮೊಬೈಲಿಗೆ ಮುಟ್ಟಿಸುವ ಯಂತ್ರಗಳನ್ನು ಮ್ಯಾನ್‌ಹೋಲಿನೊಳಗೆ ಕಟ್ಟುವುದು ನನ್ನ ಕೆಲಸ. ನಡುರಸ್ತೆಯಲ್ಲಿ ಬಗ್ಗಿ ಕೂತವನಿಗೆ ನಗುವ ಪ್ರಸಂಗಗಳು ತಾವಾಗಿಯೇ ಬಂದು ಸಿಗುತ್ತವೆ. ಮೊದಲೆರಡು ವರ್ಷ ನನ್ನ ಜೊತೆ ಒಬ್ಬ ಅಣ್ಣ ಇದ್ದರು, ಜೀವಮಾನವೆಲ್ಲ ಒಳಚರಂಡಿ ಕೆಲಸ ಮಾಡಿದವರು. ಈಗ ಒಬ್ಬನೇ ಮುಚ್ಚಳ ಎತ್ತುವಾಗಲೆಲ್ಲ ನೆನಪಾಗುತ್ತಾರೆ.

ಶಿಡ್ಲಘಟ್ಟ

ಮೊದಲ ಯಂತ್ರ ಕಟ್ಟಿ ಕಬ್ಬಿಣದ ಮುಚ್ಚಳ ಹಾಕಿದೆವು. ಸಿಗ್ನಲ್ ಹೋಯಿತು. ತೆಗೆದರೆ ಬರುತ್ತೆ, ಹಾಕಿದರೆ ಹೋಗುತ್ತೆ. ಇಂಜಿನಿಯರಿಗೆ ಫೋನ್ ಮಾಡಿದೆ. ಅವರು ಅರ್ಧ ಗಂಟೆ ಸಾಫ್ಟ್‌ವೇರ್ ಬಗ್ಗೆ ಮಾತಾಡಿದರು. ಅಣ್ಣ ಫೋನ್ ಇಸ್ಕೊಂಡು, "ಸಾರ್, ನಿಮ್ ತಲೆ ಮೇಲೆ ಕಬ್ಬಿಣದ ಬಾಂಡ್ಲಿ ಕವುಚಿ ಹಾಕಿದ್ರೆ ನಿಮ್ ಮಾತು ನಮಗೆ ಕೇಳ್ಸತ್ತಾ?" ಅಂದರು.

ಮರುವಾರ ಫೈಬರ್ ಮುಚ್ಚಳ ಬಂತು. ಜೊತೆಗಿದ್ದ ಪತ್ರದಲ್ಲಿ, ಅದು ಇಂಜಿನಿಯರ್ ಸಾಹೇಬರು ಹೊಸದಾಗಿ ಕಂಡುಹಿಡಿದ ಉಪಾಯ ಅಂತಿತ್ತು.

ಚಿಂತಾಮಣಿ

ಒಬ್ಬರು ಅಜ್ಜಿ ನಮ್ಮ ಕೆಲಸ ನೋಡುತ್ತಾ ನಿಂತಿದ್ದರು. "ಏಂದಿ ನಾಯನಾ, ಏನದು?"

"ಕೆಟ್ಟ ಗ್ಯಾಸ್ ಬಂದ್ರೆ ಕೂಗ್ಕೊಳ್ಳತ್ತಮ್ಮ," ಅಂದರು ಅಣ್ಣ.

ಅಜ್ಜಿ ಜಗಲಿ ಮೇಲಿದ್ದ ತಮ್ಮ ಯಜಮಾನರ ಕಡೆ ನೋಡಿ, "ಮನೆಯೊಳಗೂ ಒಂದು ಹಾಕ್ಕೊಡಪ್ಪ. ಇವರು ಯಾವತ್ತೂ ಒಪ್ಕೊಳ್ಳೋದೇ ಇಲ್ಲ," ಅಂದರು.

ನಕ್ಕು ಸುಸ್ತಾಗಿ ಟೀ ಕುಡಿಯುವಾಗ ಅಣ್ಣ ಮೆಲ್ಲಗೆ ಹೇಳಿದರು, "ನನ್ನ ತಮ್ಮ ಗುಂಡಿಗೆ ಇಳಿದ ದಿನ ಇಂಥದ್ದೊಂದು ಇದ್ದಿದ್ರೆ, ಇವತ್ತು ಅವನೂ ಇಲ್ಲಿ ಕೂತಿರ್ತಿದ್ದ." ಲೋಟ ಇಟ್ಟು, ಕಟ್ಟಿದ ಯಂತ್ರವನ್ನು ಇನ್ನೊಮ್ಮೆ ಎಳೆದು ನೋಡಲು ಎದ್ದು ಹೋದರು.

ಗೌರಿಬಿದನೂರು

ನಿವೃತ್ತರಾಗಿ ಇಲ್ಲಿನ ಮಗಳ ಮನೆ ಸೇರಿದ ಮೇಲೆ ಅಣ್ಣ ವಾರಕ್ಕೊಮ್ಮೆ ಫೋನ್ ಮಾಡೋರು. "ಬಾರಪ್ಪ ಒಂದ್ಸಲ."

"ಬರ್ತೀನಣ್ಣ. ಚಿಕ್ಕಬಳ್ಳಾಪುರದಲ್ಲಿ ಮೀಟಿಂಗ್ ಇದೆ."

ಹೀಗೇ ಆರು ತಿಂಗಳು ಕಳೆಯಿತು. ಒಂದು ಬೆಳಗ್ಗೆ ಆ ಮಗಳ ಮನೆ ಬೀದಿಯ ಮ್ಯಾನ್‌ಹೋಲಿನಿಂದಲೇ ಅಪಾಯದ ಸೂಚನೆ ಬಂತು. ಅಣ್ಣನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಯಾರೂ ಇಳಿಯಬೇಡಿ ಅಂತ ಅಲ್ಲಿನ ಸಿಬ್ಬಂದಿಗೆ ತಿಳಿಸಿ ಬೈಕ್ ಹತ್ತಿದೆ.

ಅಣ್ಣ ಮ್ಯಾನ್‌ಹೋಲ್ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಮುಚ್ಚಳದ ತೂತಿನೊಳಗೆ ನಾಲ್ಕು ಕೊಳೆತ ಮೊಟ್ಟೆ ಒಡೆದು ಸುರಿದಿದ್ದರಂತೆ. ಕೊಳೆತ ಮೊಟ್ಟೆಯಿಂದ ಬರುವುದೂ ಚರಂಡಿಯ ಅದೇ ಗ್ಯಾಸ್, ಯಂತ್ರ ಕೂಗಿಕೊಂಡಿತ್ತು.

"ಏನಣ್ಣ ಇದು?"

"ನಾನು ಕರೆದ್ರೆ ಮೀಟಿಂಗ್ ಅಂತೀಯ. ಇದು ಕರೆದ್ರೆ ಓಡಿ ಬರ್ತೀಯ. ನಡಿ, ಮುದ್ದೆ ಆರೋಗತ್ತೆ."

ಬೈಯಲು ಬಾಯಿ ತೆರೆದವನು ಅವರ ಕುರ್ಚಿ ಎತ್ತಿಕೊಂಡು ಹಿಂದೆ ನಡೆದೆ. ಹೊಟ್ಟೆ ತುಂಬ ಉಂಡು ಬಂದೆ. ವರದಿಯಲ್ಲಿ ಸೂಚನೆಗೆ ಕಾರಣ ಬರೆಯಬೇಕಿತ್ತು. ‘ಸ್ಥಳೀಯರ ಒತ್ತಾಯ’ ಅಂತ ಬರೆದೆ.