ಹಡಗಿನಲ್ಲಿ ಕಾರು, ಕಾರಿನಲ್ಲಿ ನಾವು, ಕೆನಡಾದಲ್ಲಿ ಅರ್ಧ ಗಳಿಗೆ

ಆ ವರ್ಷ ಅಮೆರಿಕದ ಸೌತ್‌ಫೀಲ್ಡಿನಲ್ಲಿ ಯಾರ ಮನೆಗೆ ಹೋದರೂ ಕಾಫಿಗಿಂತ ಮೊದಲು ರಿಸೆಷನ್ ಮಾತು ಬರುತ್ತಿತ್ತು. ನನ್ನ ಮಗಳು ಶೈಲಳನ್ನು ಆಫೀಸಿನವರು ಕೆಲಸದಿಂದ ತೆಗೆಯಲಿಲ್ಲ. ಸಂಬಳವಿಲ್ಲದ ರಜ ಕೊಟ್ಟು ಮನೆಗೆ ಕಳಿಸಿದರು. ಎಲೆ ಹಾಸಿ ಊಟ ಬಡಿಸದ ಹಾಗೆ! ಅವಳಿಗೆ ಇದ್ದದ್ದು ಒಂದೇ ಆಸೆ: ನಯಾಗರಾ ಜಲಪಾತವನ್ನು ಕೆನಡಾ ಕಡೆಯಿಂದ ನೋಡಬೇಕು.

"ಖರ್ಚಿಲ್ಲದೆ ಕರ್ಕೊಂಡು ಹೋಗ್ತೀನಿ. ಚಿಂತೆ ಬಿಡು, ನಾನಿದೀನಿ," ಎಂದೆ.

ಅವಳು ಚಿಂತೆ ಮಾಡಬೇಕಾಗಿದ್ದದ್ದು ಅದಕ್ಕೇ.

ಗಡಿಯ ನದಿಯಲ್ಲಿ ಕೆನಡಾಕ್ಕೆ ಕಾರು ಸಾಗಿಸುವ ಫೆರಿ ಇದೆಯೆಂದು ದೇವಸ್ಥಾನದಲ್ಲಿ ಯಾರೋ ಹೇಳಿದ್ದರು.

"ಸೇತುವೆ ಮೇಲೆ ಡ್ರೈವ್ ಮಾಡೋಣಮ್ಮ. ಅದೇ ಈಸಿ," ಎಂದಳು ಶೈಲ.

"ಸೇತುವೆ ಶ್ರೀರಂಗಪಟ್ಟಣದಲ್ಲೂ ಇದೆ. ಹಡಗಲ್ಲಿ ಹೋದ್ವಿ ಅಂದ್ರೆ ಅದಕ್ಕೊಂದು ತೂಕ!"

ಯಜಮಾನರು ಪೇಪರಿನಿಂದ ತಲೆಯೆತ್ತದೆ, "ನೀನು ಹತ್ತಿದ ಮೇಲೆ ತೂಕಕ್ಕೇನು ಕೊರತೆ," ಎಂದರು.

ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಸಮುದ್ರಯಾನದಲ್ಲಿ ವಾಂತಿಯಾದೀತೆಂದು ಎಲ್ಲರಿಗೂ ಲವಂಗ ಹಂಚಿದೆ. ಹಡಗು ನೋಡಿದರೆ ಕಬ್ಬಿಣದ ತೆಪ್ಪ! ಲವಂಗ ಬಾಯಲ್ಲಿ ಮೆತ್ತಗಾಗುವ ಮೊದಲೇ ವಿದೇಶ ಬಂದುಬಿಟ್ಟಿತು.

ಆ ದಡದಲ್ಲಿ ಕೆನಡಾದ ಅಧಿಕಾರಿ ಕಾರಿನ ಕಿಟಕಿಗೆ ಬಗ್ಗಿ ನಗುತ್ತಾ, "ವೇರ್ ಆರ್ ಯು ಗೋಯಿಂಗ್?" ಎಂದ.

ಹೊರಟವರನ್ನು ಎಲ್ಲಿಗೆ ಎಂದು ಕೇಳುವುದುಂಟೇ? ನಮ್ಮಲ್ಲಿ ಬದ್ಧವೈರಿಯೂ ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಬಂದ ದಾರಿಯಲ್ಲೇ ಹಿಂತಿರುಗಿ, ಕೂತು, ನೀರು ಕುಡಿದು, ಮತ್ತೆ ಹೊರಡಬೇಕು.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಹಿಂದಿನ ಸೀಟಿನ ಬಾಗಿಲು ತೆರೆದು ಫೆರಿಯ ಕಡೆ ದಾಪುಗಾಲು ಹಾಕಿದೆ.

"ಅಮ್ಮಾ! ಕಾರಿಂದ ಇಳೀಬಾರ್ದು!" ಶೈಲ ಕಿರುಚಿದಳು.

"ಅಪಶಕುನ ಕಣೇ! ನೀರು ಕುಡಿದು ಬರೋಣ, ಕಾರು ತಿರುಗಿಸು!"

ಗಡಿಯಲ್ಲಿ ಪ್ರಶ್ನೆ ಕೇಳಿದ ಕೂಡಲೆ ಓಡುವ ಮುದುಕಿಯನ್ನು ಯಾವ ದೇಶ ನಂಬುತ್ತದೆ? ಅಧಿಕಾರಿಗಳು ನನ್ನನ್ನು ಹಿಡಿದು ಒಳಗೆ ಕುರ್ಚಿಯಲ್ಲಿ ಕೂರಿಸಿದರು. ಡಿಕ್ಕಿ ತೆರೆದರು. ಪುಳಿಯೋಗರೆಯನ್ನು ಮೂಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೈಲ ಶಕುನಶಾಸ್ತ್ರವನ್ನು ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಅವರ ಅನುಮಾನ ಬಲಿಯಿತು.

ಕೊನೆಗೆ ಅಧಿಕಾರಿ ನನ್ನನ್ನೇ ಕೇಳಿದ, "ಯು ವಾಂಟ್ ಟು ಗೋ ಬ್ಯಾಕ್?"

ಸದ್ಯ, ಒಬ್ಬನಿಗಾದರೂ ಅರ್ಥವಾಯಿತಲ್ಲ! ನನಗೆ ಗೊತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಹೇಳಿದೆ: "ಯೆಸ್! ಗೋ ಬ್ಯಾಕ್! ಆಲ್!"

ನನ್ನ ಅಹವಾಲು ಸ್ಥಳದಲ್ಲೇ ಮಂಜೂರಾಯಿತು. ಕಾರನ್ನು ಅದೇ ತೆಪ್ಪಕ್ಕೆ ಹತ್ತಿಸಿದರು.

"ದೋಷ ಕಳೀತು. ಆ ದಡದಲ್ಲಿ ಒಂದು ಲೋಟ ನೀರು ಕುಡಿದು ವಾಪಸ್ ಬರೋಣ," ಎಂದೆ ಉತ್ಸಾಹದಿಂದ.

"ಇವತ್ತು ಮತ್ತೆ ಬಂದ್ರೆ ಬಿಡಲ್ಲ ಅಂದ್ರಮ್ಮ," ಎಂದಳು ಶೈಲ. ಅವಳ ಕಣ್ಣು ತುಂಬಿತ್ತು. ಇನ್ನೊಂದು ಲವಂಗ ಕೊಟ್ಟೆ. ತೆಗೆದುಕೊಳ್ಳಲಿಲ್ಲ. ಯಜಮಾನರು ತೆಗೆದುಕೊಂಡರು.

ಮರುದಿನ ನಾನು ಏಳುವಷ್ಟರಲ್ಲಿ ಮನೆಯಲ್ಲಿ ಮಗಳಿಲ್ಲ, ಯಜಮಾನರಿಲ್ಲ, ಕಾರೂ ಇಲ್ಲ. ಮಧ್ಯಾಹ್ನ ಫೋನು ಬಂತು. ಹಿಂದೆ ನೀರು ಭೋರ್ಗರೆಯುತ್ತಿತ್ತು.

"ಅಮ್ಮ, ಎಷ್ಟು ಚೆನ್ನಾಗಿದೆ ಗೊತ್ತಾ! ಸೇತುವೆ ಮೇಲೆ ಬಂದ್ವಿ."

"ಗಡಿಯಲ್ಲಿ ಏನೂ ತೊಂದರೆ ಆಗ್ಲಿಲ್ವೇನೇ?"

"ಯಾಕಾಗತ್ತೆ? ನೀನಿರಲಿಲ್ವಲ್ಲ!"

ಅಪಶಕುನ ಯಾವುದೆಂದು ಆಗ ತಿಳಿಯಿತು. ಅದು ಹಿಂದಿನ ಸೀಟಿನಲ್ಲಿ ಕೂತಿತ್ತು!