ನಡುವಿಗೆ ಸಿಕ್ಕಿಸಿದ ಕಬ್ಬಿಣ

ಸುಂದರವ್ವನಿಗೆ ಒಂದು ಚೂರಿಯ ಮೇಲೆ ಹೊಟ್ಟೆಕಿಚ್ಚು. ಯಾರಿಗೂ ಹೇಳಿರಲಿಲ್ಲ. ನಸುಕಿನ ಪೂಜೆಯಲ್ಲಿ, ಅಂಗೈ ಮೇಲಿನ ಲಿಂಗದೆದುರು, ತುಟಿ ಅಲುಗದ ಹಾಗೆ ಒಪ್ಪಿಕೊಂಡಿದ್ದಳು: ರಾಚವ್ವನ ಚೂರಿ ಕಂಡರೆ ನನಗೆ ಆಗುವುದಿಲ್ಲ.

ರಾಚವ್ವ ಅವಳ ಮೈದುನನ ಹೆಂಡತಿ. ಬಸುರಿ ಹೊರಗೆ ಹೋಗುವಾಗ ಗಾಳಿ ಸೋಕದಿರಲೆಂದು ನಡುವಿಗೆ ಕಬ್ಬಿಣ ಸಿಕ್ಕಿಸಿಕೊಳ್ಳುವುದು ಅವರ ಊರು ಸುರೇಬಾನದ ಪದ್ಧತಿ. ರಾಚವ್ವನ ಸೆರಗಿನ ಮರೆಯಿಂದ ಚೂರಿಯ ಹಿಡಿ ಇಣುಕಿದ ದಿನವೇ ಮನೆಯ ಕೆನೆಮೊಸರೆಲ್ಲ ಆ ಕಡೆಗೆ ಹರಿಯಿತು. ಅದಕ್ಕೂ ಮೊದಲು ಅತ್ತೆ ಶಟ್ಟೆವ್ವ ಸಂಜೆಗೆ ಹಿರಿಯ ಸೊಸೆಯಿಂದ ಪುರಾಣ ಓದಿಸಿಕೊಂಡು, ‘ನಮ್ಮ ಶಾಣ್ಯಾ ಸೊಸಿ’ ಎಂದು ಓಣಿಗೆಲ್ಲ ಹೇಳುತ್ತಿದ್ದಳು. ಈಗ ಪುರಾಣ ಬಿಚ್ಚಿದರೆ, ಮೆಲ್ಲಗೆ ಓದು, ಅವಳು ಮಲಗಿದ್ದಾಳೆ ಅನ್ನುತ್ತಿದ್ದಳು. ಮದುವೆಯಾಗಿ ವರ್ಷಗಳು ಕಳೆದರೂ ಸುಂದರವ್ವನ ನಡುವಿಗೆ ಬೀಗದಕೈ ಗೊಂಚಲಷ್ಟೇ.

ಅಂದು ಮನೋಳಿಯಲ್ಲಿ ಬೀಗರ ಮದುವೆ. ಕಳೆದ ಸಲ ಬಂಡಿಯಲ್ಲಿ ರಾಚವ್ವ ಕೌದಿಯ ಮೇಲೆ ದೇವರಂತೆ ಕೂತಿದ್ದಳು. ಸುಂದರವ್ವ ಗಾಲಿಯ ಹಿಂದೆ ಧೂಳು ನುಂಗುತ್ತ ನಡೆದಿದ್ದಳು. ಈ ಸಲ ಅವಳು ಅಡಿಗೆಮನೆಗೆ ಹೋಗಿ ಬದನೆಕಾಯಿ ಹೆಚ್ಚುವ ಚೂರಿಯನ್ನು ನಡುವಿಗೆ ಸಿಕ್ಕಿಸಿಕೊಂಡಳು. ಬಂಡಿಯಲ್ಲಿ ಕೂರಲು ಒಂದು ಜಾಗ ಸಿಕ್ಕರೆ ಸಾಕು, ಅದೂ ಮನೋಳಿಯವರೆಗೆ ಮಾತ್ರ.

ಹಿಡಿ ಮೊದಲು ಕಂಡದ್ದು ಮದುವೆಗೆ ಜೊತೆಗೆ ಹೊರಟಿದ್ದ ನೆರೆಮನೆಯ ಮಾಯವ್ವನಿಗೆ. ಅವಳಿಗೆ ಕಂಡದ್ದು ಊರಿಗೆ ಕಂಡಂತೆ. ಬಂಡಿ ಹೊಡೆಯುವ ಮುದಕಪ್ಪ ಚೀಲ ಸರಿಸಿ ಜಾಗ ಮಾಡಿದ. ಶಟ್ಟೆವ್ವ ಸೊಸೆಯ ಮುಖ ಎತ್ತಿ ಕೇಳಿದಳು. ಸುಂದರವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ, ತಲೆ ತಗ್ಗಿಸಿದಳು. ನಾಚಿಕೆ ಅವಳ ಹುಟ್ಟುಗುಣ, ಅಂದು ಅದೇ ಸಾಕ್ಷಿಯಾಯಿತು. ಅತ್ತೆ ರಾಚವ್ವನ ಕೈಯಲ್ಲಿದ್ದ ಹುಣಸೆ ಚಿಗಳಿಯನ್ನೇ ಮುರಿದು ಅರ್ಧ ಇವಳ ಬಾಯಿಗೆ ಇಟ್ಟಳು. ರಾಚವ್ವನ ಮುಖ ಬಾಡಿದ್ದು ಕಂಡು ಆ ಹುಳಿ ಸುಂದರವ್ವನಿಗೆ ಬೆಲ್ಲದಂತೆ ಹತ್ತಿತು.

ಬೆಲ್ಲ ಹೊಳೆಯ ದಂಡೆಯವರೆಗೆ ಮಾತ್ರ ಉಳಿಯಿತು. ಸಂಸ್ಥಾನದ ಹದ್ದು ಮುಗಿದು ಸರಕಾರದ ಹದ್ದು ಶುರುವಾಗುವಲ್ಲಿ ಫೌಜದಾರ ಪೊಲೀಸರೊಂದಿಗೆ ನಿಂತಿದ್ದ. ಎಲ್ಲೋ ದರೋಡೆಯಾಗಿತ್ತು, ಸಂಶಯ ಬಂದವರನ್ನೆಲ್ಲ ತಡೆದು, ಮೈ ತಡಕಿ ಝಡತಿ ಮಾಡಬೇಕೆಂದು ಹುಕುಂ. ಹೆಂಗಸರ ಮೈ ಮುಟ್ಟಲು ಸೂಲಗಿತ್ತಿ ಬಾಯವ್ವನನ್ನು ಕರೆಸಿ, ಕಂಬಳಿಯ ಮರೆ ಕಟ್ಟಿದ್ದರು.

ಒಂದೇ ಬಂಡಿಯಿಂದ ಎರಡು ಚೂರಿ ಹೊರಬಿದ್ದವು. ಶಟ್ಟೆವ್ವ ಎದೆಯುಬ್ಬಿಸಿ ಪದ್ಧತಿ ವಿವರಿಸಿದಳು. ಫೌಜದಾರ ಮೀಸೆ ತೀಡಿದ.

“ಬಸರ್ಯಾರಾದ್ರ ಕಬ್ಬಿಣ ಇಟ್ಕೊಳ್ರಿ. ಅಲ್ಲಂದ್ರ ಇದು ಹತ್ಯಾರ, ಸವದತ್ತಿ ಕಚೇರಿಗೆ ನಡೀರಿ. ಬಾಯವ್ವ, ನೋಡಿ ಹೇಳವಾ.”

ರಾಚವ್ವ ಮೊದಲು ಹೋದಳು. ಮರೆಯಲ್ಲಿ ಬಹಳ ಹೊತ್ತು ಪಿಸುಮಾತು. ಆಮೇಲೆ ಬಾಯವ್ವ, “ಐತ್ರಿ” ಎಂದು ಕೂಗಿದಳು. ಸುಂದರವ್ವ ಸೆರಗು ಬಿಗಿದುಕೊಂಡು ಮರೆಯೊಳಗೆ ಹೋದಳು. ಕಚೇರಿಗಿಂತ ಅತ್ತೆಯ ಮುಖಕ್ಕೇ ಅವಳಿಗೆ ಹೆಚ್ಚು ಅಂಜಿಕೆ.

ಬಾಯವ್ವ ಅವಳ ಹೊಟ್ಟೆ ಒತ್ತಿದಳು, ಕಣ್ಣರೆಪ್ಪೆ ಎಳೆದು ನೋಡಿದಳು, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

“ನಿಮ್ಮ ಮನ್ಯಾಗ ಏನ್ ನಡದೈತವ್ವ? ನಿನ್ನ ಹೊಟ್ಟ್ಯಾಗೂ ಏನಿಲ್ಲ, ಆಕಿ ಹೊಟ್ಟ್ಯಾಗೂ ಏನಿಲ್ಲ.”

ಸುಂದರವ್ವ ಕಂಬಳಿಯ ಸಂದಿಯಿಂದ ಹೊರಗಿದ್ದ ರಾಚವ್ವನನ್ನು ಇಣುಕಿ ನೋಡಿದಳು.

“ಕಾಲ ಹಿಡದ್ಲು, ಐತಿ ಅಂದೆ. ‘ನಮ್ಮ ನೆಗೆಣ್ಣಿ ಪುರಾಣ ಓದತಾಳ, ಅತ್ತಿ ಬಾಯಾಗ ಬರೇ ಆಕಿ ಹೆಸರ. ಅದಕ್ಕ ಚೂರಿ ಸಿಗಿಸ್ಕೊಂಡೆ’ ಅಂತಾಳ. ಈಗ ನಿನಗೇನನ್ಲಿ?”

ಒಂದು ಮಾತು ಸಾಕಿತ್ತು, ರಾಚವ್ವನ ಕೆನೆಮೊಸರೆಲ್ಲ ಅಲ್ಲೇ ಹೊಳೆಪಾಲು. ಆದರೆ ಅದೇ ಮಾತಿಗೆ ತನ್ನ ಬದನೆಕಾಯಿ ಚೂರಿಯೂ ಹತ್ಯಾರವಾಗುತ್ತಿತ್ತು. ಸುಂದರವ್ವ ಬಗ್ಗಿ ಬಾಯವ್ವನ ಕಾಲು ಹಿಡಿದಳು, ನೆಗೆಣ್ಣಿ ಹಿಡಿದ ಅದೇ ಕಾಲು.

“ಈಕೀಗೂ ಐತ್ರಿ” ಎಂದಳು ಬಾಯವ್ವ ಬೇಸತ್ತು.

ಬಂಡಿ ಹೊಳೆ ದಾಟಿತು. ಶಟ್ಟೆವ್ವ ಸಾಗವಾನಿಯ ಎರಡು ತೊಟ್ಟಿಲಿಗೆ ಮುದಕಪ್ಪನ ಕೈಲೇ ಬಡಿಗನಿಗೆ ಹೇಳಿಕಳಿಸಲು ನಿಶ್ಚಯಿಸಿದಳು. ಮೊದಲು ಹಡೆದವಳಿಗೆ ತನ್ನ ಕೊರಳ ಬಂಗಾರದ ಟಿಕ್ಕಿ ಎಂದೂ ಸಾರಿದಳು. ಮಾಯವ್ವ ಬೆರಳು ಮಡಚಿ, ಯಾರದು ಮೊದಲೆಂದು ಲೆಕ್ಕಕ್ಕೆ ಕೂತಳು.

ರಾಚವ್ವ ತಿರುಗಿ ನೋಡಿದಳು. ಆ ಕಣ್ಣಿನ ಉರಿಯನ್ನು ಸುಂದರವ್ವ ಚೆನ್ನಾಗಿ ಬಲ್ಲಳು. ದಿನವೂ ನಸುಕಿಗೆ ತನ್ನದೇ ಕಣ್ಣಲ್ಲಿ ಅದು ಉರಿದಿತ್ತು.

“ಒಂದ್ ಮಾತ ಹೇಳಲಿಲ್ಲಲ್ಲ ಅಕ್ಕ” ಎಂದಳು ರಾಚವ್ವ. “ನಿನಗೆಷ್ಟ ತಿಂಗಳು?”

ಎಲ್ಲರೂ ಸುಂದರವ್ವನ ಕಡೆ ತಿರುಗಿದರು. ಅವಳು ಬೆಳಗಿನಿಂದ ತಗ್ಗಿಸಿದ್ದ ತಲೆಯನ್ನು ಮೊದಲ ಸಲ ಎತ್ತಿದಳು.

“ನಿನಗೆಷ್ಟ ತಿಂಗಳೋ ತಂಗಿ, ನನಗೂ ಅಷ್ಟ.”